ಗುಲಾಬಿ ಅಂಗಿ ತೊಟ್ಟ ಮಂದೆಯ ಹುಡುಗ

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಉದಯೋನ್ಮುಖ’ ಎಂಬ ವಿಶೇಷಣ ಬಹಳ ಅಗ್ಗವಾಗಿ ದೊರೆಯುತ್ತದೆ. ಹದಿನೆಂಟು ದಾಟಿ ಎರಡು ಪಂದ್ಯ ಗೆದ್ದ ಯಾರೇ ಆಗಲಿ, ಉದಯೋನ್ಮುಖ ಪ್ರತಿಭೆಯೇ. ಆ ಮಾತಿನೊಳಗೆ ಒಂದು ಭರವಸೆ ಅಡಗಿದೆ: ಮೂಡಣ ಕೆಂಪೇರಿದ ಮೇಲೆ ಸೂರ್ಯ ಬಂದೇ ಬರುತ್ತಾನೆ ಎಂಬುದು. ಮನುಷ್ಯರ ವಿಷಯದಲ್ಲಿ ಅಂಥ ಕರಾರನ್ನು ಯಾರೂ ಬರೆದುಕೊಟ್ಟಿಲ್ಲ. ಇದನ್ನು ಅರಿತೇ ನಮ್ಮ ಹಿರಿಯರು ‘ಯೋಗ್ಯತೆ’ಯ ಪಕ್ಕದಲ್ಲಿ ‘ಯೋಗ’ವನ್ನೂ ಕೂರಿಸಿದ್ದರು. ಇವೆರಡರ ಲೆಕ್ಕ ಎಷ್ಟು ಗೋಜಲಿನದೆಂದು ತೋರಿಸುವ ಒಂದು ಪ್ರಸಂಗ ಸೈಕಲ್ ಪಂದ್ಯಗಳ ಚರಿತ್ರೆಯಲ್ಲಿದೆ. ಅದು 1940ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಇಟಲಿಯಲ್ಲಿ ನಡೆದದ್ದು. ಅದನ್ನು ಕೊಂಚ ನಿಧಾನವಾಗಿ ನೋಡಲು ಇಲ್ಲಿ ಯತ್ನಿಸಿದ್ದೇವೆ.

ಫೌಸ್ಟೊ ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ವಾಯವ್ಯ ಇಟಲಿಯ ಪೀಡ್‌ಮಾಂಟ್ ಸೀಮೆಯ ಕಾಸ್ಟೆಲ್ಲಾನಿಯಾ ಎಂಬ ಗುಡ್ಡದ ಹಳ್ಳಿಯಲ್ಲಿ. ಬಡ ಒಕ್ಕಲು ಮನೆತನ; ಐದು ಮಕ್ಕಳಲ್ಲಿ ಇವನು ನಾಲ್ಕನೆಯವನು. ಬಾಲ್ಯದಲ್ಲಿ ರೋಗಿಷ್ಠ. ಶಾಲೆ ತಪ್ಪಿಸಿ ಸೈಕಲ್ ತುಳಿಯಲು ಹೋದ ತಪ್ಪಿಗೆ, ತಾನಿರಬೇಕಾದದ್ದು ಶಾಲೆಯಲ್ಲಿ, ಸೈಕಲ್ಲಿನ ಮೇಲಲ್ಲ ಎಂದು ನೂರು ಸಲ ಬರೆಯುವ ಶಿಕ್ಷೆಯನ್ನು ಅನುಭವಿಸಿದವನು. ಹದಿಮೂರನೆಯ ವಯಸ್ಸಿಗೆ ಶಾಲೆಯ ಋಣ ತೀರಿತು. ನೋವಿ ಲಿಗೂರೆ ಎಂಬ ಹತ್ತಿರದ ಪಟ್ಟಣದ ಮಾಂಸದಂಗಡಿಯಲ್ಲಿ ಕೆಲಸಕ್ಕೆ ಸೇರಿ, ಗಿರಾಕಿಗಳ ಮನೆಮನೆಗೆ ಸೈಕಲ್ಲಿನಲ್ಲಿ ಪೊಟ್ಟಣ ತಲುಪಿಸುವವನಾದ. ವ್ಯಾಪಾರಿ ಹಡಗಿನ ಕಪ್ತಾನನಾಗಿದ್ದ ಚಿಕ್ಕಪ್ಪನೊಬ್ಬ ಕೊಟ್ಟ ಹಣದಿಂದ ಓಟದ ಸೈಕಲ್ಲಿನ ಚೌಕಟ್ಟು ಬಂತು. ಹದಿನೈದರ ವಯಸ್ಸಿನಲ್ಲಿ ಗೆದ್ದ ಮೊದಲ ಪಂದ್ಯಕ್ಕೆ ಸಿಕ್ಕ ಬಹುಮಾನ ಇಪ್ಪತ್ತು ಲಿರಾ ಮತ್ತು ಒಂದು ಸ್ಯಾಂಡ್‌ವಿಚ್.

ಇಲ್ಲಿಯವರೆಗಿನ ಕಥೆ ಯಾವ ಹಳ್ಳಿಯ ಯಾವ ಹುಡುಗನದಾದರೂ ಆಗಬಹುದಿತ್ತು. ಅದನ್ನು ಬೇರೆ ಮಾಡಿದವನು ಒಬ್ಬ ಕುರುಡ. ಬಿಯಾಜಿಯೊ ಕವಾನ್ನಾ ಮೊದಲು ಮುಷ್ಟಿಯುದ್ಧದ ಆಳು. ಕಣ್ಣು ಹೋದ ಮೇಲೆ ಸವಾರರ ಮೈ ತಿಕ್ಕುವ ವೃತ್ತಿ ಹಿಡಿದವನು. ನೋವಿ ಲಿಗೂರೆಯವನೇ ಆದ ಕೋಸ್ಟಾಂತೆ ಜಿರಾರ್ದೆಂಗೊ, ಅಂದರೆ ಮಿಲಾನ್–ಸಾನ್ ರೇಮೊ ಪಂದ್ಯವನ್ನು ಆರು ಸಲ ಗೆದ್ದ ಆ ಕಾಲದ ಮಹಾಸವಾರ, ಇವನ ಕೈಯಲ್ಲಿ ಪಳಗಿದ್ದ. ಮಾಂಸದಂಗಡಿಯ ಹುಡುಗ ಕವಾನ್ನಾನ ಬಳಿಗೆ ಬಂದ. ಆಗ ನೋಡುವವರಿಗೆ ಕಾಣುತ್ತಿದ್ದುದೇನು? ಕಡ್ಡಿಯಂಥ ನೀಳ ಕಾಲುಗಳು, ಪಕ್ಷಿಯ ಗೂಡಿನಂತೆ ಮುಂದಕ್ಕೆ ಉಬ್ಬಿದ ಎದೆ, ಚೂಪು ಮೂಗು. ನಡೆದರೆ ಎಡವುವನೇನೋ ಎಂಬಂಥ ಆಕಾರ. ಕಣ್ಣುಳ್ಳ ತರಬೇತುದಾರನಾಗಿದ್ದರೆ ಮನೆಗೆ ಕಳಿಸಿಬಿಡುತ್ತಿದ್ದನೋ ಏನೋ. ಕವಾನ್ನಾ ನೋಡಲಿಲ್ಲ, ಮುಟ್ಟಿದ. ಸ್ನಾಯು ಎಷ್ಟು ಬೇಗ ಸಡಿಲವಾಗುತ್ತದೆ, ಎದೆಯ ಬಡಿತ ಎಷ್ಟು ನಿಧಾನ, ಉಸಿರು ಎಷ್ಟು ಆಳ ಎಂಬುದನ್ನು ಬೆರಳುಗಳಿಂದ ಓದಿದ. ಊಟ, ನಿದ್ರೆ, ಬೆಳಗಿನ ಅಭ್ಯಾಸ ಎಲ್ಲಕ್ಕೂ ಕಟ್ಟುಪಾಡು ಹಾಕಿದ. ಯೋಗ್ಯತೆಯೆಂಬುದು ಕಣ್ಣಿಗೆ ಹೊಡೆಯುವಂತಿರುತ್ತದೆ ಎಂದು ನಂಬಿದವರು ಈ ಘಟ್ಟದಲ್ಲಿ ತುಸು ನಿಲ್ಲಬೇಕು. ಗುರುತಿಸುವವನೊಬ್ಬ ಸಿಕ್ಕದೆ ಹೋದ ಯೋಗ್ಯತೆಗಳ ಪಟ್ಟಿಯನ್ನು ಯಾವ ಚರಿತ್ರೆಯೂ ಇಟ್ಟಿಲ್ಲ.

1938ರಲ್ಲಿ ಪರವಾನಗಿ ಪಡೆದು ಓಡಿದ ಹುಡುಗ 1940ರ ಹಂಗಾಮಿಗೆ ಲೆನ್ಯಾನೊ ತಂಡದ ವೃತ್ತಿಪರ ಸವಾರನಾದ. ತಂಡದ ವ್ಯವಸ್ಥಾಪಕ ಎಬೆರಾರ್ದೊ ಪವೇಸಿ; ನಾಯಕ ಜಿನೋ ಬಾರ್ತಾಲಿ. ಎರಡು ಸಲ ಗಿರೋ ದ ಇಟಾಲಿಯಾ, ಒಂದು ಸಲ ಟೂರ್ ದ ಫ್ರಾನ್ಸ್ ಗೆದ್ದಿದ್ದ ಬಾರ್ತಾಲಿಗೆ ಆಗ ಇಪ್ಪತ್ತೈದು. ಹೊಸಬನನ್ನು ತಂಡಕ್ಕೆ ತಂದದ್ದು ಗೆಲ್ಲಲಿ ಎಂದಲ್ಲ, ಬಾರ್ತಾಲಿಯ ಸೇವೆಗೆಂದು.

ಈ ‘ಸೇವೆ’ಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಸ್ತೆ ಸೈಕಲ್ ಪಂದ್ಯ ದೂರದಿಂದ ನೋಡಿದವರಿಗೆ ಒಬ್ಬೊಬ್ಬನ ಓಟದಂತೆ ಕಾಣುತ್ತದೆ. ಒಳಗಿನ ವ್ಯವಸ್ಥೆ ಬೇರೆಯೇ. ಮುಂದಿನ ಸವಾರ ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗಂಟಿ ತುಳಿಯುವವನಿಗೆ ಸಮತಟ್ಟಾದ ಹಾದಿಯಲ್ಲಿ ಶ್ರಮದ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಈ ಒಂದು ಭೌತಿಕ ಸತ್ಯದ ಮೇಲೆ ಇಡೀ ಶ್ರೇಣಿವ್ಯವಸ್ಥೆಯೇ ನಿಂತಿದೆ. ತಂಡಕ್ಕೊಬ್ಬ ನಾಯಕ, ಉಳಿದವರು ಅವನಿಗಾಗಿ ಗಾಳಿ ತಡೆಯುತ್ತಾರೆ, ನೀರು ತುಂಬಿ ತರುತ್ತಾರೆ, ಅವನ ಚಕ್ರ ತೂತಾದರೆ ತಮ್ಮದನ್ನು ಬಿಚ್ಚಿ ಕೊಡುತ್ತಾರೆ. ಇಟಾಲಿಯನ್ನರು ಇವರನ್ನು ‘ಗ್ರೆಗಾರಿಯೊ’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಮಂದೆ ಎಂಬರ್ಥದ ಮೂಲದಿಂದ ಬಂದ ಮಾತು. ಮಂದೆಯವನು ಎನ್ನಬಹುದು. ಹಿರಿತನದ ಪಟ್ಟಿಯ ಕ್ರಮಾಂಕವನ್ನೇ ಜಾತಕದಂತೆ ಓದಿಕೊಳ್ಳುವ ನಮ್ಮಂಥ ಸರಕಾರಿ ನೌಕರರಿಗೆ ಈ ಏರ್ಪಾಡು ಹೊಸದೇನೂ ಅಲ್ಲ. ಮೇಲಿನವನು ನಿವೃತ್ತನಾಗುವವರೆಗೆ, ಇಲ್ಲವೇ ಜಾರುವವರೆಗೆ, ಕೆಳಗಿನವನ ಪ್ರತಿಭೆ ಕಡತದಲ್ಲೇ ಇರತಕ್ಕದ್ದು.

ಇಲ್ಲಿ ಮೇಲಿನವನು ಜಾರಿಯೇಬಿಟ್ಟ. 1940ರ ಗಿರೋ ಮೇ 17ರಂದು ಮಿಲಾನಿನಿಂದ ಹೊರಟಿತು. ಇಪ್ಪತ್ತು ಹಂತಗಳ, ಮೂರೂವರೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಾದಿ. ಎರಡನೆಯ ದಿನವೇ, ಟ್ಯೂರಿನ್‌ನಿಂದ ಜಿನೋವಾಕ್ಕೆ ಹೋಗುವಾಗ, ಗುಡ್ಡವಿಳಿಯುತ್ತಿದ್ದ ಬಾರ್ತಾಲಿಗೆ ನಾಯಿಯೊಂದು ಅಡ್ಡ ಬಂತು. ಬಿದ್ದು ಕಾಲಿಗೆ ಪೆಟ್ಟಾಯಿತು. ವೈದ್ಯರು ಬೇಡವೆಂದರೂ ಅವನು ಓಟ ಬಿಡಲಿಲ್ಲ. ಆದರೆ ಗೆಲ್ಲುವ ಲೆಕ್ಕದಿಂದ ಹೊರಗಾದ. ಹೆಸರೂ ಗುರುತೂ ಇಲ್ಲದ ಆ ನಾಯಿಗೆ ಸೈಕಲ್ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿ ಖಾಯಂ ಆಗಿ ದೊರೆತಿದೆ.

ಮೇ 29ರಂದು ಹನ್ನೊಂದನೆಯ ಹಂತ, ಫ್ಲಾರೆನ್ಸಿನಿಂದ ಮೊದೆನಾಕ್ಕೆ, ನಡುವೆ ಅಬೆತೋನೆ ಘಟ್ಟ. ಮಳೆ ಸುರಿಯುತ್ತಿತ್ತು. ಮಂದೆಯ ಹುಡುಗನಿಗೆ ಆ ದಿನ ಮುಂದೆ ಹೋಗಲು ಪವೇಸಿ ಅಪ್ಪಣೆ ಕೊಟ್ಟ. ಕೊಪ್ಪಿ ಒಬ್ಬನೇ ಘಟ್ಟ ದಾಟಿ, ಉಳಿದವರಿಗಿಂತ 3 ನಿಮಿಷ 45 ಸೆಕೆಂಡು ಮೊದಲು ಮೊದೆನಾ ಸೇರಿದ. ಆ ಸಂಜೆ ಮುಂದಾಳಿನ ಗುಲಾಬಿ ಅಂಗಿ ಅವನ ಮೈಮೇಲೆ ಬಂತು. (ಗುಲಾಬಿಯೇ ಏಕೆಂದರೆ, ಪಂದ್ಯ ನಡೆಸುತ್ತಿದ್ದ ‘ಗಜೆಟ್ಟಾ ದೆಲ್ಲೋ ಸ್ಪೋರ್ಟ್’ ಪತ್ರಿಕೆ ಅಚ್ಚಾಗುತ್ತಿದ್ದುದು ಆ ಬಣ್ಣದ ಕಾಗದದ ಮೇಲೆ.) ಅದರ ಹಿಂದಿನ ದಿನವಷ್ಟೇ ಬೆಲ್ಜಿಯಂ ಜರ್ಮನಿಗೆ ಶರಣಾಗಿತ್ತು. ಡನ್‌ಕರ್ಕ್‌ನ ಮರಳದಂಡೆಯಲ್ಲಿ ಲಕ್ಷಾಂತರ ಸೈನಿಕರು ಹಡಗಿಗಾಗಿ ಕಾಯುತ್ತಿದ್ದರು. ಇತ್ತ ಇಟಲಿಯ ಹಳ್ಳಿಗಳ ಜನ ಕೊಡೆ ಹಿಡಿದು ರಸ್ತೆಯ ಪಕ್ಕ ನಿಂತು, ಬಡಕಲು ಹುಡುಗನೊಬ್ಬನಿಗಾಗಿ ಕೂಗುತ್ತಿದ್ದರು. ಇದನ್ನು ಅಜ್ಞಾನವೆನ್ನುವುದೋ, ಕೊನೆಯ ಹಬ್ಬವೆನ್ನುವುದೋ ನಮಗೆ ನಿರ್ಧರಿಸಲಾಗದು.

ಮುಂದೆ ಡೊಲೊಮೈಟ್ ಪರ್ವತಗಳು. ಅಲ್ಲಿ ಕೊಪ್ಪಿಗೆ ಹೊಟ್ಟೆ ಕೆಟ್ಟಿತು. ವಾಂತಿಯಾಗಿ, ಸೈಕಲ್ ಬದಿಗಿಟ್ಟು ಓಟ ಬಿಡಲು ಸಿದ್ಧನಾದನಂತೆ. ಆಗ ಹಿಂದಿರುಗಿ ನಿಂತವನು ಬಾರ್ತಾಲಿ. ನೀನು ಸವಾರನಲ್ಲ, ನೀರು ಹೊರುವವನು ಎಂಬರ್ಥದಲ್ಲಿ ಬೈದು, ಹಿಮವನ್ನು ಹಿಡಿಗಟ್ಟಲೆ ಬಾಚಿ ಅವನ ಕತ್ತಿಗೆ ಉಜ್ಜಿ ಮತ್ತೆ ಹತ್ತಿಸಿದನೆಂದು ಹೇಳುತ್ತಾರೆ. ಇಂಥ ಕಥೆಗಳು ಹೇಳಿಹೇಳಿ ನುಣುಪಾಗಿರುತ್ತವೆ, ನಿಜ. ಆದರೆ ಇಬ್ಬರೂ ಜೊತೆಯಾಗಿ ಆ ಘಟ್ಟಗಳನ್ನು ದಾಟಿದ್ದು, ನಾಯಕ ತನ್ನ ಸೇವಕನಿಗಾಗಿ ದುಡಿದದ್ದು ಸತ್ಯ. ಹಿರಿಯನ ಅಸೂಯೆ, ಕಿರಿಯನ ಉಪಕಾರಸ್ಮರಣೆ ಎಂಬ ಸರಳ ನಾಟಕವನ್ನು ನಿರೀಕ್ಷಿಸುವವರಿಗೆ ಈ ದೃಶ್ಯ ಒಗ್ಗದು. ಬಾರ್ತಾಲಿಗೆ ಮುಂದೆ ಈ ಹುಡುಗನ ಮೇಲೆ ಬೇಕಾದಷ್ಟು ಮುನಿಸು ಬಂತು. ಇಟಲಿಯೇ ಇಬ್ಬರ ಹೆಸರಿನಲ್ಲಿ ಎರಡಾಯಿತು. ಆ ದಿನ ಮಾತ್ರ ಅವನ ಕೈಯಲ್ಲಿದ್ದುದು ಹಿಮ.

ಜೂನ್ 9ರಂದು ಓಟ ಮಿಲಾನಿನಲ್ಲಿ ಮುಗಿಯಿತು. ಎರಡನೆಯವನಾದ ಎನ್ರಿಕೊ ಮೊಲ್ಲೊನಿಗಿಂತ 2 ನಿಮಿಷ 40 ಸೆಕೆಂಡು ಮುಂದಿದ್ದ ಕೊಪ್ಪಿ ಗೆದ್ದ. ವಯಸ್ಸು ಇಪ್ಪತ್ತು ವರ್ಷ, ಎಂಟು ತಿಂಗಳು, ಇಪ್ಪತ್ತೈದು ದಿನ. ಗಿರೋ ಗೆದ್ದವರಲ್ಲಿ ಅವನಿಗಿಂತ ಕಿರಿಯರು ಇಂದಿಗೂ ಇಲ್ಲ. ಮರುದಿನ, ಜೂನ್ 10ರ ಸಂಜೆ, ರೋಮ್ ನಗರದ ಪಲಾತ್ಸೊ ವೆನೇತ್ಸಿಯಾದ ಮಾಳಿಗೆಯಿಂದ ಮುಸೊಲಿನಿ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಮೇಲೆ ಯುದ್ಧ ಸಾರಿದ. ಉದಯೋನ್ಮುಖ ತಾರೆಯ ಬೆಳಗು ಸರಿಯಾಗಿ ಒಂದು ದಿನದ್ದಾಯಿತು.

ಹಾಗಾದರೆ ಆ ಗೆಲುವು ಏನನ್ನು ಸಾಬೀತುಪಡಿಸಿತು? ನಮ್ಮ ಮಟ್ಟಿಗೆ ಹೇಳುವುದಾದರೆ, ಹೆಚ್ಚೇನನ್ನೂ ಅಲ್ಲ. ನಾಯಕ ಬಿದ್ದಿದ್ದ, ಯುದ್ಧದಲ್ಲಿ ಸಿಲುಕಿದ್ದ ಫ್ರಾನ್ಸ್, ಬೆಲ್ಜಿಯಂಗಳ ಘಟಾನುಘಟಿಗಳು ಬಂದಿರಲಿಲ್ಲ. ಇಪ್ಪತ್ತು ದಿನಗಳ ಓಟದಲ್ಲಿ ಎರಡೂ ಮುಕ್ಕಾಲು ನಿಮಿಷವೂ ಇಲ್ಲದ ಅಂತರ. ಅದೇ ವರ್ಷ ಹುಡುಗ ನಿವೃತ್ತನಾಗಿದ್ದರೆ, ನಾಯಿಯ ಕೃಪೆಯಿಂದ ಗೆದ್ದವನೆಂದು ಮರೆತುಬಿಡುತ್ತಿದ್ದರು. ಯೋಗವು ಬಾಗಿಲು ತೆರೆದದ್ದು ಖಂಡಿತ. ಯೋಗ್ಯತೆಯ ಸಾಕ್ಷ್ಯಕ್ಕೆ ಬೇರೆ ಕಡೆ ಹುಡುಕಬೇಕು.

ಅದು ದೊರೆಯುವುದು 1942ರ ನವೆಂಬರ್ 7ರಂದು. ಅಷ್ಟರಲ್ಲಿ ಕೊಪ್ಪಿ ಸೈನಿಕನಾಗಿದ್ದ. ಮೇಲಧಿಕಾರಿಗಳ ದಯೆಯಿಂದ ಅಭ್ಯಾಸಕ್ಕೆ ಬಿಡುವು ಸಿಗುತ್ತಿತ್ತು. ಗಿರೋ ನಿಂತುಹೋಗಿತ್ತು. ಎರಡು ವಾರಗಳ ಹಿಂದೆ, ಅಕ್ಟೋಬರ್ 24ರ ಹಾಡುಹಗಲಿನಲ್ಲೇ, ಬ್ರಿಟಿಷ್ ವಿಮಾನಗಳು ಮಿಲಾನಿನ ಮೇಲೆ ಬಾಂಬು ಸುರಿದುಹೋಗಿದ್ದವು. ಆ ನಗರದ ವಿಗೊರೆಲ್ಲಿ ಓಟದ ಅಂಗಳದಲ್ಲಿ ಕೊಪ್ಪಿ ಒಂದು ಗಂಟೆಯ ದಾಖಲೆಗೆ ಇಳಿದ. ನಿಯಮ ಸರಳ: ಒಬ್ಬನೇ, ಒಂದು ಗಂಟೆ, ಎಷ್ಟು ದೂರವಾದರೆ ಅಷ್ಟು. ಇಲ್ಲಿ ಬೆನ್ನ ಹಿಂದೆ ಅಡಗಲು ನಾಯಕನಿಲ್ಲ, ಸೇವಕನಿಲ್ಲ, ಅಡ್ಡ ಬರಲು ನಾಯಿಯೂ ಇಲ್ಲ. ಫ್ರಾನ್ಸಿನ ಮೋರಿಸ್ ಆರ್ಶಾಂಬೊ 1937ರಲ್ಲಿ ಇಟ್ಟುಹೋಗಿದ್ದ ಗುರುತು, ಅಧಿಕೃತ ಲೆಕ್ಕದಂತೆ, 45.767 ಕಿಲೋಮೀಟರ್. ಕೊಪ್ಪಿ ತುಳಿದದ್ದು 45.798. ಹೆಚ್ಚಳ 31 ಮೀಟರ್. ಆ ವೇಗದಲ್ಲಿ ಎರಡೂವರೆ ಸೆಕೆಂಡಿನ ಹಾದಿ. ದೊಡ್ಡ ಅಂತರವೇನಲ್ಲ ಎನ್ನುವವರು ಇನ್ನೊಂದು ಸಂಖ್ಯೆಯನ್ನು ಗಮನಿಸಬೇಕು: ಅದನ್ನು ಮುರಿಯಲು 1956ರಲ್ಲಿ ಜಾಕ್ ಆಂಕೆತಿಲ್ ಬರಬೇಕಾಯಿತು. ಅರೆಹೊಟ್ಟೆಯ ಯುದ್ಧಕಾಲದ ಸೈನಿಕನೊಬ್ಬನ ಗುರುತು ಹದಿಮೂರು ವರ್ಷಕ್ಕೂ ಮಿಕ್ಕಿ ನಿಂತಿತು.

1943ರ ಮಾರ್ಚಿನಲ್ಲಿ ಅವನನ್ನು ಉತ್ತರ ಆಫ್ರಿಕಾಕ್ಕೆ ಕಳಿಸಿದರು. ಏಪ್ರಿಲ್‌ನಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸೆರೆಯಾದ. ಇದಕ್ಕೆ ಎರಡು ವರ್ಷ ಮೊದಲು ಅದೇ ಮರಳುಗಾಡಿನಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು ಹಡಗು ಹತ್ತಿಸಿ ಭಾರತಕ್ಕೆ ತಂದಿದ್ದರು. ಡೆಹ್ರಾಡೂನ್, ಭೋಪಾಲ್, ಯೋಲ್‌ಗಳಂತೆ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೂ ಅವರ ಶಿಬಿರಗಳಿದ್ದವು. ಕೊಪ್ಪಿಯ ಪಾಲಿಗೆ ಬಂದದ್ದು ಆಫ್ರಿಕಾದ ಶಿಬಿರವೇ. ಅಲ್ಲಿ ಲಾರಿ ಓಡಿಸಿದ, ಕ್ಷೌರ ಮಾಡಿದ. ಇಪ್ಪತ್ತಮೂರರಿಂದ ಇಪ್ಪತ್ತೈದರವರೆಗಿನ ವಯಸ್ಸು, ಸವಾರನ ಮೈ ತುಂಬಿ ಬರುವ ಕಾಲ, ಹಾಗೆ ಸವೆಯಿತು.

ಕೊಪ್ಪಿ ಗಿರೋ ಗೆದ್ದ 1940ರಲ್ಲೇ ಇಟಲಿಯಲ್ಲಿ ದೀನೊ ಬುಜ್ಜಾತಿಯ ‘ತಾರ್ತಾರರ ಮರುಭೂಮಿ’ ಎಂಬ ಕಾದಂಬರಿ ಪ್ರಕಟವಾಗಿತ್ತು: ಗಡಿಯ ಕೋಟೆಯೊಂದರಲ್ಲಿ, ಬಾರದ ಶತ್ರುವಿಗಾಗಿ ಕಾಯುತ್ತಲೇ ಯೌವನ ಕಳೆಯುವ ಅಧಿಕಾರಿಯ ಕಥೆ. ಆ ಬುಜ್ಜಾತಿಯೇ 1949ರಲ್ಲಿ ಪತ್ರಿಕೆಯೊಂದರ ಪರವಾಗಿ ಗಿರೋ ಓಟದ ಹಿಂದೆ ಸುತ್ತಿ, ಕೊಪ್ಪಿ–ಬಾರ್ತಾಲಿಯರನ್ನು ಅಕಿಲೀಸ್–ಹೆಕ್ಟರರಿಗೆ ಹೋಲಿಸಿ ಬರೆದ. ಆದರೆ ಹೋಮರನ ವೀರರಿಗಿಂತ ಆ ಕೋಟೆಯ ಕಾವಲುಗಾರನೇ ಸೆರೆಶಿಬಿರದ ಕೊಪ್ಪಿಗೆ ಹತ್ತಿರದವನೆಂದು ನಮಗೆ ತೋರುತ್ತದೆ.

ಯುದ್ಧ ನುಂಗದಿದ್ದರೆ ಕೊಪ್ಪಿ ಎಷ್ಟು ಗಿರೋ, ಎಷ್ಟು ಟೂರ್ ಗೆಲ್ಲುತ್ತಿದ್ದನೆಂದು ಎಣಿಸುವ ಅಭಿಮಾನಿಗಳಿದ್ದಾರೆ. ಈ ಗಣಿತ ನಮಗೆ ಹಿಡಿಸದು. ಅದೇ ವರ್ಷಗಳಲ್ಲಿ ಬಾರ್ತಾಲಿಗೂ ಇಪ್ಪತ್ತಾರರಿಂದ ಮೂವತ್ತೊಂದರವರೆಗಿನ ವಯಸ್ಸು ಹೋಯಿತು. ಕೊಪ್ಪಿಯ ಶಿಬಿರದಲ್ಲಿ ಗಂಜಿಯ ಸಾಲಿನಲ್ಲಿ ಹಿಂದೆ ನಿಂತಿದ್ದವನೂ ಯಾರೋ ಒಬ್ಬರ ಕಣ್ಣಿಗೆ ಉದಯೋನ್ಮುಖನೇ ಆಗಿದ್ದಿರಬೇಕು. ಕಳೆದುಹೋದ ಗೆಲುವುಗಳ ಲೆಕ್ಕ ಹೆಸರು ಮಾಡಿದವರಿಗೆ ಮಾತ್ರ ಏಕೆ?

1945ರ ಆರಂಭದಲ್ಲಿ ಅವನನ್ನು ನೇಪಲ್ಸ್ ಹತ್ತಿರದ ಕಸೆರ್ತಾಕ್ಕೆ ತಂದು ಬ್ರಿಟಿಷ್ ಅಧಿಕಾರಿಯೊಬ್ಬನ ಆಳಾಗಿ ಇರಿಸಿದರು. ಕೊಪ್ಪಿಗೊಂದು ಸೈಕಲ್ ಬೇಕಾಗಿದೆಯೆಂದು ನೇಪಲ್ಸಿನ ಪತ್ರಿಕೆಯೊಂದು ಬರೆಯಿತು. ಹತ್ತಿರದ ಊರಿನ ಬಡಗಿಯೊಬ್ಬ ತನ್ನದನ್ನು ಕೊಟ್ಟ. ಬಿಡುಗಡೆಯಾದ ಮೇಲೆ ಸ್ವಲ್ಪ ದೂರ ಸೈಕಲ್ಲಿನಲ್ಲಿ, ಸ್ವಲ್ಪ ದೂರ ಸಿಕ್ಕ ಲಾರಿಗಳಲ್ಲಿ, ಮುರಿದ ಸೇತುವೆಗಳ ದೇಶವನ್ನು ಉದ್ದಕ್ಕೂ ದಾಟಿ ಊರು ಸೇರಿದ.

1946ರ ಮಾರ್ಚ್ 19ರಂದು, ಎರಡು ವರ್ಷ ನಿಂತಿದ್ದ ಮಿಲಾನ್–ಸಾನ್ ರೇಮೊ ಓಟ ಮತ್ತೆ ನಡೆಯಿತು. ಈಗ ಬಿಯಾಂಕಿ ತಂಡದವನಾಗಿದ್ದ ಕೊಪ್ಪಿ ಮಿಲಾನ್ ದಾಟುತ್ತಲೇ ಕೆಲವರೊಡನೆ ಮುಂದೆ ಹೋದ. ತುರ್ಕೀನೊ ಘಟ್ಟದಲ್ಲಿ ಅವರನ್ನೂ ಬಿಟ್ಟು ಒಬ್ಬನೇ ಆದ. ಸಮುದ್ರದಂಚಿನ ಆ ನೂರು ಚಿಲ್ಲರೆ ಕಿಲೋಮೀಟರನ್ನು ಯಾರ ಬೆನ್ನೂ ಇಲ್ಲದೆ ತುಳಿದು ಸಾನ್ ರೇಮೊ ಮುಟ್ಟಿದಾಗ, ಎರಡನೆಯವನಾದ ಫ್ರಾನ್ಸಿನ ಲೂಸಿಯೆನ್ ತೆಸ್ಸೇರ್ ಬರಲು ಇನ್ನೂ ಹದಿನಾಲ್ಕು ನಿಮಿಷ ಬಾಕಿಯಿತ್ತು. ಅಲ್ಲಿಯವರೆಗೆ ರೇಡಿಯೋದವರು ಸಂಗೀತ ಹಾಕಿ ಕಾಲ ಕಳೆದರೆಂಬ ಮಾತಿದೆ.

ಅದೇ ಬೇಸಿಗೆಯಲ್ಲಿ ಗಿರೋ ಕೂಡ ಮರಳಿ ಬಂತು. ಆರು ವರ್ಷಗಳ ಹಿಂದೆ ಗೆದ್ದಿದ್ದ ಹುಡುಗನಿಗೆ ಈಗ ಇಪ್ಪತ್ತಾರು. ಸಾನ್ ರೇಮೊ ನೋಡಿದವರಾರೂ ಅವನ ಎದುರು ಪಣ ಕಟ್ಟುವಂತಿರಲಿಲ್ಲ. ಜುಲೈ 7ರಂದು ಮಿಲಾನಿನಲ್ಲಿ ಓಟ ಮುಗಿದಾಗ ಕೊಪ್ಪಿ ಎರಡನೆಯವನು. 47 ಸೆಕೆಂಡುಗಳಿಂದ ಅವನನ್ನು ಹಿಂದಿಕ್ಕಿ ಗುಲಾಬಿ ಅಂಗಿ ತೊಟ್ಟವನು, ಮೂವತ್ತೆರಡು ತುಂಬಲು ಹನ್ನೊಂದು ದಿನ ಬಾಕಿಯಿದ್ದ ಜಿನೋ ಬಾರ್ತಾಲಿ.