ಹೇತುವಾಕ್ಯದ ಎರಡು ವಂಶಗಳು: ಇಂಗ್ಲಿಷಿನ ಕೃದಂತ ಪದಪುಂಜ ಮತ್ತು ಪೂರ್ಣ ಉಪವಾಕ್ಯ

ಸಾರಾಂಶ: ಕಾರಣವನ್ನು ಹೇಳುವ ಕೃದಂತ ಪದಪುಂಜವು 'ಬಿಕಾಸ್' ಉಪವಾಕ್ಯದ ಸಂಕ್ಷಿಪ್ತ ರೂಪವೆಂದು ಬೋಧನಾ ವ್ಯಾಕರಣಗಳು ಭಾವಿಸುತ್ತವೆ. ಇವೆರಡೂ ಬೇರೆ ಬೇರೆ ಚಾರಿತ್ರಿಕ ಮೂಲಗಳಿಂದ ಬಂದವು ಎಂದೂ, ಕೃದಂತದ ನಿಜವಾದ ಸಮೀಪವರ್ತಿ 'ಸಿನ್ಸ್' ಎಂದೂ ಈ ಲೇಖನ ವಾದಿಸುತ್ತದೆ.

ಕೀಲಿಪದಗಳು: ಕೃದಂತ, ಹೇತ್ವರ್ಥ, ವ್ಯಾಕರಣೀಕರಣ, ಅನುಮಿತಾರ್ಥ

1. ಪ್ರಶ್ನೆ

ನಮ್ಮ ಶಾಲೆಗಳ ಇಂಗ್ಲಿಷ್ ಪಠ್ಯಗಳಲ್ಲಿ ವಾಕ್ಯ ಪರಿವರ್ತನೆಯ ಅಭ್ಯಾಸಗಳು ಬಹುಕಾಲದಿಂದ ಇವೆ. ಅವುಗಳ ಪ್ರಕಾರ ಕೆಳಗಿನ ಎರಡು ವಾಕ್ಯಗಳೂ ಸಮಾನಾರ್ಥಕಗಳು.

(1) ಅ. ಬಿಕಾಸ್ ಷಿ ನ್ಯೂ ಲ್ಯಾಟಿನ್, ಷಿ ರೆಡ್ ದ ಚಾರ್ಟರ್.
ಆ. ನೋಯಿಂಗ್ ಲ್ಯಾಟಿನ್, ಷಿ ರೆಡ್ ದ ಚಾರ್ಟರ್.

'ಲ್ಯಾಟಿನ್ ಬಲ್ಲವಳಾದ್ದರಿಂದ ಅವಳು ಸನದನ್ನು ಓದಿದಳು' ಎಂಬ ಅರ್ಥ ಎರಡರಿಂದಲೂ ದೊರೆಯುತ್ತದೆ. ಆದರೆ ದೊರೆಯುವ ಬಗೆ ಒಂದೇ ಅಲ್ಲ. (1ಅ)ದಲ್ಲಿ ಕಾರಣಸಂಬಂಧವು ವಾಚ್ಯವಾಗಿದೆ. (1ಆ)ದಲ್ಲಿ ಓದುಗನು ಅದನ್ನು ಊಹಿಸಿಕೊಳ್ಳಬೇಕು. ಈ ವ್ಯತ್ಯಾಸದ ಬೇರುಗಳು ಚರಿತ್ರೆಯಲ್ಲಿವೆ.

2. ಹೆಸರಿನಿಂದ ಹುಟ್ಟಿದ ಸಂಯೋಜಕ, ಕಾಲದಿಂದ ಹುಟ್ಟಿದ ಸಂಯೋಜಕ

ಹಳೆಯ ಇಂಗ್ಲಿಷಿನಲ್ಲಿ ಕಾರಣವನ್ನು ಮುಖ್ಯವಾಗಿ 'ಫೊರ್ ಥಾಮ್ ಥೆ' ಎಂಬ ಸಂಯುಕ್ತ ಪದವು ಸೂಚಿಸುತ್ತಿತ್ತು. 'ಬಿಕಾಸ್' ಬಂದದ್ದು ಮಧ್ಯಕಾಲದಲ್ಲಿ. ಫ್ರೆಂಚ್ ಮಾದರಿಯನ್ನು ಅನುಸರಿಸಿದ 'ಬೈ ಕಾಸ್ ದಟ್' ಎಂಬ ಪದಗುಚ್ಛವು 14ನೆಯ ಶತಮಾನದ ಚಾಸರನ ಕಾಲಕ್ಕೆ ಬಳಕೆಯಲ್ಲಿತ್ತು. ಅದರೊಳಗೆ 'ಕಾರಣ' ಎಂಬ ನಾಮಪದವೇ ಅಡಗಿದೆ. ಅಂದರೆ ಈ ಸಂಯೋಜಕವು ಹುಟ್ಟಿನಿಂದಲೇ ಕಾರಣವನ್ನು ಹೆಸರಿಸಿ ಹೇಳುವಂಥದು.

'ಸಿನ್ಸ್'ನ ಕಥೆ ಬೇರೆ. ಅದರ ಮೂಲವಾದ 'ಸಿಥ್ಥನ್' ಎಂಬುದಕ್ಕೆ 'ಅದಾದ ಮೇಲೆ' ಎಂಬುದು ಅರ್ಥ. ಮೊದಲು ನಡೆದದ್ದು ಆಮೇಲೆ ನಡೆದದ್ದಕ್ಕೆ ಕಾರಣವಿರಬೇಕು ಎಂಬ ಕೇಳುಗನ ಊಹೆಯು ಮರುಕಳಿಸುತ್ತಾ ರೂಢಿಗೊಂಡು, ಕೊನೆಗೆ ಪದದ ಅರ್ಥವೇ ಆಯಿತು. ಎಲಿಜಬೆತ್ ಟ್ರಾಗಟ್ ಮತ್ತು ಎಕೆಹಾರ್ಡ್ ಕ್ಯೋನಿಗ್ 1991ರಲ್ಲಿ ಪ್ರಕಟಿಸಿದ ಲೇಖನದ ತರುವಾಯ ಇದು ವ್ಯಾಕರಣೀಕರಣದ ಪ್ರಸಿದ್ಧ ನಿದರ್ಶನವಾಗಿದೆ.

3. ಕೃದಂತದ ದಾರಿ

ಕೃದಂತವು ನಡೆದದ್ದು ಈ ಎರಡನೆಯ ದಾರಿಯಲ್ಲಿ. ಹಳೆಯ ಇಂಗ್ಲಿಷಿನ '-ಎಂಡೆ' ಪ್ರತ್ಯಯಾಂತ ಕೃದಂತವು ಮಧ್ಯಕಾಲದಲ್ಲಿ ಭಾವನಾಮದ '-ಇಂಗ್' ರೂಪದೊಡನೆ ಬೆರೆಯಿತು. ಕರ್ತೃಭೇದವಿದ್ದಾಗ ಬಳಕೆಯಾಗುತ್ತಿದ್ದ, ನಮ್ಮ ಸತಿಸಪ್ತಮಿಯನ್ನು ನೆನಪಿಸುವ ಸ್ವತಂತ್ರ ರಚನೆಯು ಬಹುಮಟ್ಟಿಗೆ ಲ್ಯಾಟಿನ್ನಿನಿಂದಾದ ಅನುವಾದಗಳಲ್ಲಿ ಕಾಣುತ್ತದೆ. ಮಾರ್ಗನ್ ಕ್ಯಾಲವೇ 1889ರಷ್ಟು ಹಿಂದೆಯೇ ಇದನ್ನು ವಿವರವಾಗಿ ಪರಿಶೀಲಿಸಿದ್ದರು. 16ನೆಯ ಶತಮಾನದಲ್ಲಿ 'ಹ್ಯಾವಿಂಗ್' ಸಹಿತವಾದ ಪೂರ್ಣಾರ್ಥಕ ಕೃದಂತವು ನೆಲೆಗೊಂಡಾಗ ಪೂರ್ವಕಾಲವನ್ನು ಸ್ಪಷ್ಟವಾಗಿ ಹೇಳುವ ಸೌಕರ್ಯ ದೊರೆಯಿತು. ಪೂರ್ವಕಾಲದಿಂದ ಕಾರಣಕ್ಕೆ ಊಹೆಯ ಒಂದು ಹೆಜ್ಜೆ ಸಾಕು.

ಕೆಲವು ಕೃದಂತಗಳು ಆ ಹೆಜ್ಜೆಯನ್ನು ಇಟ್ಟು ಸಂಯೋಜಕಗಳೇ ಆದವು. 'ಸೀಯಿಂಗ್ ದಟ್', 'ಕನ್ಸಿಡರಿಂಗ್ ದಟ್' ಇಂದಿಗೂ ಶಿಷ್ಟ ಬಳಕೆಯಲ್ಲಿವೆ. ಷೇಕ್ಸ್‌ಪಿಯರನ ಕಾಲದಲ್ಲಿ ಸಹಜವಾಗಿದ್ದ 'ಬೀಯಿಂಗ್ ದಟ್' ಈಗ ಉಪಭಾಷೆಗಳಿಗೆ ಸರಿದಿದೆ. ಉಳಿದ ಕೃದಂತಗಳಲ್ಲಿ ಹೇತ್ವರ್ಥವು ಸಂದರ್ಭಾಧೀನ. ಗ್ರೆಗರಿ ಸ್ಟಂಪ್ (1985) ತೋರಿಸಿದಂತೆ, ಸ್ಥಿರ ಗುಣವನ್ನು ಹೇಳುವ ಕೃದಂತವು ಕಾರಣದತ್ತ ವಾಲುತ್ತದೆ. ತಾತ್ಕಾಲಿಕ ಸ್ಥಿತಿಯನ್ನು ಹೇಳುವಂಥದು ಕಾಲ ಅಥವಾ ಷರತ್ತಿನ ಅರ್ಥವನ್ನೂ ಕೊಡಬಲ್ಲದು. (1ಆ)ದಲ್ಲಿ ಕಾರಣವೇ ಹೊಳೆಯಲು 'ಬಲ್ಲವಳಾಗಿರುವುದು' ಸ್ಥಿರ ಗುಣವಾಗಿರುವುದೇ ನೆರವಾಗಿದೆ.

4. ವಾಚ್ಯವೂ ಅನುಮಿತವೂ

ಈ ವಂಶಭೇದಕ್ಕೆ ಇಂದಿನ ಭಾಷೆಯಲ್ಲಿಯೂ ಸಾಕ್ಷ್ಯವಿದೆ.

(2) ಅ. ವಾಸ್ ಷಿ ರಿಜೆಕ್ಟೆಡ್ ಬಿಕಾಸ್ ಷಿ ವಾಸ್ ಅ ವುಮನ್?
ಆ. ಬೀಯಿಂಗ್ ಅ ವುಮನ್, ವಾಸ್ ಷಿ ರಿಜೆಕ್ಟೆಡ್?

(2ಅ) 'ಹೆಣ್ಣೆಂಬ ಕಾರಣಕ್ಕೆ ಅವಳನ್ನು ತಿರಸ್ಕರಿಸಲಾಯಿತೆ?' ಎಂದು ಕಾರಣವನ್ನೇ ಪ್ರಶ್ನಿಸಬಲ್ಲದು. (2ಆ)ದಲ್ಲಿ ಪ್ರಶ್ನೆಗೆ ಒಳಗಾಗುವುದು ತಿರಸ್ಕಾರ ಮಾತ್ರ. ಕೃದಂತವು ಪ್ರಶ್ನೆಯ ವ್ಯಾಪ್ತಿಯ ಹೊರಗುಳಿಯುತ್ತದೆ. 'ಇಟ್ ಈಸ್' ಎಂದು ಆರಂಭವಾಗುವ ಒತ್ತುವಾಕ್ಯದ ಕೇಂದ್ರಕ್ಕೆ 'ಬಿಕಾಸ್' ಉಪವಾಕ್ಯ ಬರಬಲ್ಲದು. ಹೇತ್ವರ್ಥದ 'ಸಿನ್ಸ್' ಆಗಲಿ ಕೃದಂತವಾಗಲಿ ಸಾಮಾನ್ಯವಾಗಿ ಬರಲಾರವು. ಕಾಲದಿಂದ ಹುಟ್ಟಿದ ಈ ಎರಡೂ ಕಾರಣವನ್ನು ಹಿನ್ನೆಲೆಯಲ್ಲಿಡುತ್ತವೆ.

ಆದುದರಿಂದ ಇದು ಕೇವಲ ಶೈಲಿಯ ಆಯ್ಕೆಯಲ್ಲ. ಒಂದು ನಿರ್ಧಾರದ ಕಾರಣವನ್ನು ಕೃದಂತದಲ್ಲಿ ಬರೆದವನು ಅದನ್ನು ಸಮರ್ಥಿಸಬೇಕಾದ ಹೊಣೆಯಿಂದ ಅಷ್ಟರಮಟ್ಟಿಗೆ ನುಣುಚಿಕೊಳ್ಳಬಹುದು. ಓದುಗನೇ ಅದನ್ನು ಊಹಿಸಿ, ಒಪ್ಪಿಬಿಟ್ಟಿರುತ್ತಾನೆ.

5. ಕನ್ನಡದ ಕಡೆಯಿಂದ

18ನೆಯ ಶತಮಾನದ ರಾಬರ್ಟ್ ಲೌತ್ ಅವರಿಂದ 1926ರ ಫೌಲರ್ ಕೋಶದವರೆಗೆ ವ್ಯಾಕರಣಕಾರರು ಚರ್ಚಿಸಿದ್ದು ಮುಖ್ಯವಾಗಿ ಕೃದಂತದ ಕರ್ತೃ ಹಾಗೂ ವಿಭಕ್ತಿಗಳನ್ನು. ಕರ್ತೃವಿಲ್ಲದೆ ತೂಗಾಡುವ ಕೃದಂತವು ದೋಷವೆನಿಸಿತು. ಹೇತ್ವರ್ಥದ ಪ್ರಶ್ನೆ ಹಿಂದೆ ಸರಿಯಿತು.

ಕನ್ನಡದ ಭೂತಕೃದಂತಾವ್ಯಯವು ಇಲ್ಲಿ ಬೆಳಕು ಚೆಲ್ಲುತ್ತದೆ. 'ರಾಮ ಬಂದು ಕುಳಿತ' ಎಂಬಲ್ಲಿರುವಂತೆ ಏಕಕರ್ತೃತ್ವವು ಸಾಮಾನ್ಯ ನಿಯಮ. ಆದರೂ 'ಮಳೆ ಬಂದು ಕೆರೆ ತುಂಬಿತು' ಎನ್ನುವಾಗ ಕರ್ತೃಗಳು ಬೇರೆ. ವಾಕ್ಯ ಮಾತ್ರ ಸುಸಂಬದ್ಧ. ಕಾರ್ಯಕಾರಣ ಸಂಬಂಧವೇ ಇಲ್ಲಿ ನಿಯಮವನ್ನು ಸಡಿಲಿಸಿದೆ. ಇಂಗ್ಲಿಷಿನಲ್ಲಿ ಕೃದಂತಕ್ಕೆ ಪ್ರತ್ಯೇಕ ಕರ್ತೃವನ್ನು ಕೊಟ್ಟು ಇದನ್ನು ಹೇಳಿದರೆ ವಾಕ್ಯಕ್ಕೆ ಗ್ರಾಂಥಿಕ ಬಿಗಿತ ಬರುತ್ತದೆ. ಕನ್ನಡ ಬಲ್ಲ ಸಂಶೋಧನಾ ವಿದ್ಯಾರ್ಥಿಯ ಇಂಗ್ಲಿಷ್ ಕರಡಿನಲ್ಲಿ ತೂಗಾಡುವ ಕೃದಂತ ಕಂಡಾಗ ಅದನ್ನು ಅಜಾಗರೂಕತೆಯೆಂದು ಕೆಂಪು ಗೆರೆ ಎಳೆಯುವ ಮುನ್ನ, ಅಲ್ಲಿ ಮಾತೃಭಾಷೆಯ ನಿಯಮವೊಂದು ಕೆಲಸ ಮಾಡಿರಬಹುದೆ ಎಂದು ಕೇಳಬೇಕು.

6. ಉಪಸಂಹಾರ

ಕೃದಂತವು 'ಬಿಕಾಸ್' ಉಪವಾಕ್ಯದ ಕತ್ತರಿಸಿದ ತುಂಡಲ್ಲ. ಕಾರಣವು ಓದುಗನಿಗೆ ಗೊತ್ತಿದ್ದು ನಿರ್ವಿವಾದವಾಗಿದ್ದರೆ ಕೃದಂತ ಸಾಕು. ಕಾರಣವೇ ಪ್ರತಿಪಾದ್ಯವಾದಲ್ಲಿ, ಅದನ್ನು ಯಾರಾದರೂ ಪ್ರಶ್ನಿಸಬಹುದಾದಲ್ಲಿ, ಪೂರ್ಣ ಉಪವಾಕ್ಯವನ್ನೇ ಬರೆಯುವುದು ಪ್ರಾಮಾಣಿಕ. ಪರಿವರ್ತನೆಯ ಅಭ್ಯಾಸಗಳು ಕಲಿಸಬೇಕಾದುದು ಎರಡರ ಸಮಾನತೆಯನ್ನಲ್ಲ, ಈ ವಿವೇಕವನ್ನು.