ಹೆದ್ದಾರಿಗೂ ಸೈ, ಕೆರೆ ಏರಿಗೂ ಸೈ

ದೂರದ ಪ್ರಯಾಣಕ್ಕೂ ಮಣ್ಣುದಾರಿಗೂ ಒಂದೇ ಬೈಕ್ ಬೇಕೆನ್ನುವವರ ಮುಂದೆ ಇವತ್ತಿನ ಶೋರೂಮುಗಳು ‘ಡ್ಯುಯಲ್ ಸ್ಪೋರ್ಟ್’, ‘ಅಡ್ವೆಂಚರ್’ ಎಂಬ ಹೆಸರುಗಳನ್ನು ಇಡುತ್ತವೆ. ಹೆಸರು ಹೊಸದು, ಕೆಲಸ ಹಳೆಯದು. ಯಲಹಂಕ ದಾಟಿ ಉತ್ತರಕ್ಕೆ ಹೊರಟರೆ ಒಂದು ಕಡೆ ಬಳ್ಳಾರಿ ರಸ್ತೆ, ಇನ್ನೊಂದು ಕಡೆ ದೊಡ್ಡಬಳ್ಳಾಪುರ ರಸ್ತೆ. ಇವೆರಡರ ನಡುವೆ ಕೆರೆ ಏರಿ, ದ್ರಾಕ್ಷಿ ತೋಟದ ಬದಿ, ನೀಲಗಿರಿ ತೋಪಿನೊಳಗಿನ ಬಂಡಿ ಜಾಡು. ಬೇಸಿಗೆಯಲ್ಲಿ ಇಲ್ಲಿನ ಕೆಮ್ಮಣ್ಣು ಪುಡಿಯಾಗಿ ಮೇಲೇಳುತ್ತದೆ, ಮಳೆಗಾಲದಲ್ಲಿ ಕೊರಕಲಾಗುತ್ತದೆ. ಇಂಥ ಕಡೆ ಯಾವ ಗಾಡಿ ಬಾಳುತ್ತದೆ ಎಂಬುದಕ್ಕೆ ಅರವತ್ತು ವರ್ಷದ ಸಾಕ್ಷ್ಯ ನಮ್ಮಲ್ಲೇ ಇದೆ. ಎಂಜಿನ್ನಿನ ಸಿಸಿಗಿಂತ ಗಾಡಿಯ ತೂಕ, ದಾರಿಯಲ್ಲೇ ರಿಪೇರಿಗೆ ಸಿಗುವ ಗುಣ, ಇವೆರಡೇ ಮುಖ್ಯ ಎಂದು ಆ ಸಾಕ್ಷ್ಯ ಹೇಳುತ್ತದೆ ಎಂಬುದು ನನ್ನ ವಾದ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಚೆಕೊಸ್ಲೊವಾಕಿಯಾದ ವಿನ್ಯಾಸದ 250 ಸಿಸಿ ಟೂ-ಸ್ಟ್ರೋಕ್ ಜಾವಾ ಮೊದಲು ಬಂತು, ಆಮೇಲೆ ಅದೇ ಕುಲದ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. ಇವನ್ನು ಯಾರೂ ಸಾಹಸದ ಗಾಡಿ ಎಂದು ಮಾರಲಿಲ್ಲ. ಆದರೆ ಅವುಗಳ ಮೈಕಟ್ಟನ್ನು ಹತ್ತಿರದಿಂದ ನೋಡಿ. ಚೈನ್ ಪೂರ್ತಿ ಮುಚ್ಚಿದ ಕವಚದೊಳಗೆ ಓಡುತ್ತಿತ್ತು, ಆದ್ದರಿಂದ ಈ ಸೀಮೆಯ ಧೂಳು ಅದಕ್ಕೆ ತಾಕುವುದು ಕಡಿಮೆ. ಕಿಕ್ಕರ್ ಮತ್ತು ಗೇರ್‌ಗೆ ಒಂದೇ ಸನ್ನೆ: ಒಳಕ್ಕೆ ಒತ್ತಿ ಮೇಲೆ ತಿರುಗಿಸಿ ಒದ್ದರೆ ಸ್ಟಾರ್ಟ್, ಮುಂದಕ್ಕೆ ಮಲಗಿಸಿದರೆ ಗೇರ್. ಆ ಸನ್ನೆಯನ್ನು ಕಾಲಲ್ಲಿ ಅದುಮಿದಾಗ ಕ್ಲಚ್ ತಾನೇ ಬಿಡುತ್ತಿದ್ದುದರಿಂದ, ಕ್ಲಚ್ ಕೇಬಲ್ ಹಳ್ಳಿಯ ನಡುವೆ ತುಂಡಾದರೂ ಗೇರ್ ಬದಲಿಸಿಕೊಂಡು ಊರು ಸೇರಬಹುದಿತ್ತು. ಈ ಒಂದು ಏರ್ಪಾಟನ್ನು ನಾನು ಯಾವ ಹೊಸ ಸೌಕರ್ಯಕ್ಕಿಂತಲೂ ಮೇಲೆ ಇಡುತ್ತೇನೆ. ವಾಲ್ವ್ ಇಲ್ಲದ ಎಂಜಿನ್ ಆದ್ದರಿಂದ ಬಿಚ್ಚಿ ಕಾರ್ಬನ್ ತೆಗೆಯುವುದು ಯಾವ ಹೋಬಳಿ ಕೇಂದ್ರದ ಮೆಕ್ಯಾನಿಕ್‌ಗೂ ಕಷ್ಟವಿರಲಿಲ್ಲ. ಹೀಗೆ ಸುಮಾರು 12 ಅಶ್ವಶಕ್ತಿಯ ಗಾಡಿ ನಂದಿಬೆಟ್ಟವನ್ನೂ ಏರಿತು, ಹೊಲದ ಬದಿಗೂ ಇಳಿಯಿತು.

ಇದು ಹಳೆಯದರ ಮೋಹ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಮೊದಲ ಜಾವಾದ ಚಕ್ರ 16 ಇಂಚಿನದು. ಇಂದಿನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಮುಂಚಕ್ರ 21 ಇಂಚು. ಸಣ್ಣ ಚಕ್ರ ಗುಂಡಿಗೆ ಇಳಿದು ಕುಳಿತುಕೊಳ್ಳುತ್ತದೆ, ದೊಡ್ಡದು ಅದರ ಮೇಲೆ ಉರುಳಿಹೋಗುತ್ತದೆ. ಹಳೆಯ ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿತ ಕಳೆದುಕೊಳ್ಳುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ಸಹಿಸಬೇಕು. 1985ರ ಸುಮಾರಿಗೆ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಗಾಡಿಗಳು ಬಂದಾಗ ಜನ ಮೈಲೇಜಿನ ಕಡೆ ವಾಲಿದ್ದು ನ್ಯಾಯವೇ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಾನು ಎತ್ತಿಹಿಡಿಯುವುದು ಆ ಗಾಡಿಯನ್ನಲ್ಲ, ಅದು ಪಾಲಿಸಿದ ಅಳತೆಯನ್ನು.

ಆ ಅಳತೆ ತಪ್ಪಿದ್ದು ರಸ್ತೆಗಳು ಎರಡಾಗಿ ಒಡೆದಾಗ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂದವು. ಬಳ್ಳಾರಿ ರಸ್ತೆ ವೇಗದ ರಸ್ತೆಯಾಯಿತು, ಅದರ ಪಕ್ಕದ ಹಳ್ಳಿದಾರಿಗಳು ಇದ್ದಂತೆಯೇ ಉಳಿದವು. ಹೀರೋ ಕಂಪನಿ 2011ರಲ್ಲಿ ಇಂಪಲ್ಸ್ ಎಂಬ 150 ಸಿಸಿ ಗಾಡಿ ತಂದಿತು. ಹಗುರ, ಎತ್ತರ, ಮಣ್ಣಿಗೆ ಹೇಳಿ ಮಾಡಿಸಿದಂಥದ್ದು. ಆದರೆ 13 ಅಶ್ವಶಕ್ತಿಗೆ ಈ ಹೊಸ ಹೆದ್ದಾರಿಯ ಏರುಗಳಲ್ಲಿ ಉಸಿರು ಸಾಲಲಿಲ್ಲ, ಕೆಲವೇ ವರ್ಷದಲ್ಲಿ ಮಾರಾಟ ನಿಂತಿತು. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಉಲ್ಟಾ ದಾರಿ ಹಿಡಿಯಿತು: 411 ಸಿಸಿ, 24.5 ಅಶ್ವಶಕ್ತಿ, ನೆಲದಿಂದ 220 ಮಿ.ಮೀ. ಎತ್ತರ, ತೂಕ ಮಾತ್ರ 190 ಕೆಜಿ ದಾಟಿತು. 2019ರ ಹೀರೋ ಎಕ್ಸ್‌ಪಲ್ಸ್ 200 ನಡುವೆ ನಿಂತಿತು. 18 ಅಶ್ವಶಕ್ತಿ, 154 ಕೆಜಿ, ಅದೇ 220 ಮಿ.ಮೀ. ಜಾವಾದ ಅಳತೆಗೆ ಈ ಮೂರರಲ್ಲಿ ಹತ್ತಿರ ಬಂದದ್ದು ಇದೇ. ಏರಿಯ ಇಳಿಜಾರಿನಲ್ಲಿ ಜಾರಿ ಬಿದ್ದ ಗಾಡಿಯನ್ನು ಒಬ್ಬರೇ ಎತ್ತಬೇಕಾದಾಗ ನಲವತ್ತು ಕೆಜಿ ಅಂದರೆ ಏನೆಂಬುದು ತಿಳಿಯುತ್ತದೆ.

ಹೆದ್ದಾರಿಯಲ್ಲಿ ಲಾರಿ ದಾಟಲು ಶಕ್ತಿ ಬೇಡವೇ ಎಂಬುದು ದೊಡ್ಡ ಆಕ್ಷೇಪ. ಹೈದರಾಬಾದ್‌ವರೆಗೆ ಇಬ್ಬರು ಕೂತು, ಸಾಮಾನು ಕಟ್ಟಿ ಹೋಗುವವರಿಗೆ ಖಂಡಿತ ಬೇಕು. ಅವರಿಗೆ ಹಿಮಾಲಯನ್ ಸರಿ. ಆದರೆ ವೇಗದ ರಸ್ತೆಗಳು ಬೈಕನ್ನು ಎಷ್ಟು ದಿನ ಇಟ್ಟುಕೊಳ್ಳುತ್ತವೆ? 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಜಾವಾ ಹುಟ್ಟಿದ ಊರಿಗೇ ಈಗ ಬೈಕಿನಲ್ಲಿ ಹೋಗುವವರು ಸರ್ವಿಸ್ ರಸ್ತೆ ಹಿಡಿಯಬೇಕು. ಸಾವುನೋವಿನ ಲೆಕ್ಕದಲ್ಲಿ ಆ ನಿರ್ಧಾರವನ್ನು ಒಪ್ಪಬಹುದು. ಹಾಗಿದ್ದ ಮೇಲೆ ಗಂಟೆಗೆ ನೂರು ಕಿ.ಮೀ. ಓಟವನ್ನೇ ನೆಚ್ಚಿ ಭಾರದ ಗಾಡಿ ಕೊಳ್ಳುವುದು ನಮ್ಮಿಂದ ದೂರವಾಗುತ್ತಿರುವ ರಸ್ತೆಗೆ ಹಣ ಸುರಿದಂತೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹೊಸ ಗಾಡಿಯ ಪರವೇ ನಿಲ್ಲಬೇಕು. 125 ಸಿಸಿ ಮೀರಿದ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಡಾಂಬರಿನ ಮೇಲೆ ಅದು ಜೀವ ಉಳಿಸುತ್ತದೆ. ಜಲ್ಲಿ ಹರಡಿದ ಇಳಿಜಾರಿನಲ್ಲಿ ಅದೇ ಎಬಿಎಸ್ ಚಕ್ರವನ್ನು ಹಿಡಿಯಗೊಡದೆ ಗಾಡಿಯನ್ನು ಮುಂದೆ ನೂಕುತ್ತದೆ. 2020ರ ಹಿಮಾಲಯನ್‌ನಲ್ಲಿ ಹಿಂಚಕ್ರದ ಎಬಿಎಸ್ ಆಫ್ ಮಾಡುವ ಗುಂಡಿ ಬಂದದ್ದು ಇದಕ್ಕಾಗಿಯೇ. ಕೊಳ್ಳುವ ಮುನ್ನ ನೋಡಬೇಕಾದ ಇನ್ನೊಂದು ಸೀಟಿನ ಎತ್ತರ. 2019ರ ಎಕ್ಸ್‌ಪಲ್ಸ್‌ನದು 823 ಮಿ.ಮೀ. ಇತ್ತು, 411 ಸಿಸಿ ಹಿಮಾಲಯನ್‌ನದು 800. ಎರಡೂ ಪಾದ ಊರದವರು ಹಗುರ ಗಾಡಿಯನ್ನೇ ಆರಿಸಲಿ, ಸೀಟಿನ ಫೋಮ್ ಒಂದಿಷ್ಟು ಕೊರೆಸಿಕೊಳ್ಳಲಿ. ಆ ಕೆಲಸಕ್ಕೆ ಕಂಪನಿ ಬೇಕಿಲ್ಲ, ಸೀಟು ಹೊಲಿಯುವ ಅಂಗಡಿ ಸಾಕು.