ಹೆಣಿಗೆಯ ಕಡ್ಡಿಯ ಸಂಖ್ಯೆ: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಗೋಡೆ, ಗಂಟೆ, ಗುರುಗಳ ಚರಿತ್ರೆಗೆ ಅಗ್ರಸ್ಥಾನ ಸಲ್ಲುವುದು ಸಹಜ. ಆದರೆ ನಮ್ಮ ಮಾತೆಯರೂ ಸಹೋದರಿಯರೂ ಕೈಯಲ್ಲಿ ಹಿಡಿಯುವ ಹೆಣಿಗೆಯ ಕಡ್ಡಿಗೂ ಒಂದು ಚರಿತ್ರೆಯುಂಟು. ಅದರ ತಲೆಯ ಮೇಲಿನ ಸಂಖ್ಯೆಯದಂತೂ ವಿಚಿತ್ರವಾದ ಕಥೆ. 10ನೆಯ ನಂಬರಿನ ಕಡ್ಡಿ 8ನೆಯದಕ್ಕಿಂತ ಸಣ್ಣಗಿರುವುದೇಕೆ ಎಂದು ಹೆಣೆಯುವವರನ್ನು ಕೇಳಿದರೆ, ಅದು ಹಾಗೆಯೇ ಎಂಬ ಉತ್ತರ ಬರುತ್ತದೆ.

ಕಡ್ಡಿ ಹಳೆಯದು, ಸಂಖ್ಯೆ ಹೊಸದು. ಉತ್ತರ ಜರ್ಮನಿಯ ಬುಕ್ಸ್‌ಟೆಹೂಡೆಯ ಕನ್ಯಾಮಠಕ್ಕಾಗಿ ಮಿಂಡೆನ್‌ನ ಬರ್ಟ್ರಾಂ ಎಂಬ ಕಲಾವಿದನು 1400ರ ಸುಮಾರಿಗೆ ರಚಿಸಿದ ಪೀಠಚಿತ್ರವೊಂದು ಈಗ ಹ್ಯಾಂಬರ್ಗಿನ ಕಲಾಶಾಲೆಯಲ್ಲಿದೆ. ಅದರಲ್ಲಿ ಮಾತೆ ಮರಿಯಮ್ಮನವರು ಹಲವು ಕಡ್ಡಿಗಳನ್ನು ಸುತ್ತ ಹಿಡಿದು, ಹೊಲಿಗೆಯಿಲ್ಲದ ಕೆಂಪು ಅಂಗಿಯ ಕುತ್ತಿಗೆಯನ್ನು ಹೆಣೆಯುತ್ತಿದ್ದಾರೆ. ಬಾಲಯೇಸು ನೆಲದ ಮೇಲೆ ಪುಸ್ತಕದೊಡನಿದ್ದಾರೆ. ದೇವದೂತರು ಶಿಲುಬೆಯನ್ನೂ ಮೊಳೆಗಳನ್ನೂ ತಂದು ನಿಂತಿದ್ದಾರೆ. ಸಂತ ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಬರುವ ಅಂಗಿ ನೇಯ್ದದ್ದೇ ಹೊರತು ಹೆಣೆದದ್ದಲ್ಲ. ಚಿತ್ರಕಾರನು ತನ್ನ ಕಾಲದ ಸ್ತ್ರೀಯರ ಕೈಗೆಲಸವನ್ನು ನಜರೇತಿನ ಮನೆಗೆ ಒಯ್ದನು. ಆ ಕಾಲದಲ್ಲಿ ಕಡ್ಡಿಗೆ ನಂಬರು ಬೇಕಿರಲಿಲ್ಲ. ಮಗಳು ತಾಯಿಯ ಪಕ್ಕದಲ್ಲಿ ಕುಳಿತು, ತಾಯಿಯ ಕಡ್ಡಿಯಲ್ಲೇ ಕಲಿಯುತ್ತಿದ್ದಳು. ಬಿಗಿಯಾಗಿ ಬಂದರೆ ಸಡಿಲಿಸು ಎನ್ನಲು ತಾಯಿ ಅಲ್ಲಿಯೇ ಇದ್ದಳು.

ತೊಡಕು ಹುಟ್ಟಿದ್ದು ಮಾದರಿಗಳು ಮುದ್ರಣವಾದ ಮೇಲೆ. ಎಡಿನ್‌ಬರೋದ ಜೇನ್ ಗಾಗನ್ ಎಂಬಾಕೆಯ ಹೆಣಿಗೆ ಪುಸ್ತಕ 1840ರಲ್ಲಿಯೂ ಲಂಡನ್ನಿನ ಮಿಸ್ ಲ್ಯಾಂಬರ್ಟ್ ಎಂಬಾಕೆಯದು 1843ರಲ್ಲಿಯೂ ಹೊರಬಂದವು. ಓದುವವಳು ಎಲ್ಲಿಯೋ, ಬರೆದವಳು ಎಲ್ಲಿಯೋ! ಯಾವ ಕಡ್ಡಿ ಹಿಡಿಯಬೇಕೆಂದು ದೂರದಿಂದ ತಿಳಿಸಬೇಕಾದರೆ ಸಂಖ್ಯೆಯೊಂದೇ ದಾರಿ. ಕಡ್ಡಿಗಳು ಉಕ್ಕಿನ ತಂತಿಯವಾದ್ದರಿಂದ ತಂತಿಯ ಸಂಖ್ಯೆಯೇ ಅವಕ್ಕೂ ಬಂದಿತು. ನಮ್ಮ ಅಕ್ಕಸಾಲಿಗರು ಕಂಬಚ್ಚಿನ ರಂಧ್ರಗಳಲ್ಲಿ ಬೆಳ್ಳಿಯ ತಂತಿಯನ್ನು ಎಳೆಯುವುದನ್ನು ನೋಡಿದವರಿಗೆ ಇದರ ಮರ್ಮ ಹೊಳೆಯುತ್ತದೆ. ಒಂದೊಂದು ಸಲ ಎಳೆದಾಗಲೂ ತಂತಿ ಸಣ್ಣದಾಗುತ್ತದೆ. ಹೆಚ್ಚು ಸಲ ಎಳೆದದ್ದಕ್ಕೆ ಹೆಚ್ಚಿನ ಸಂಖ್ಯೆ. ಆದುದರಿಂದಲೇ 10 ಎಂದರೆ 8ಕ್ಕಿಂತ ಸಪೂರ. ಮಿಸ್ ಲ್ಯಾಂಬರ್ಟ್ ತನ್ನ ಅಳತೆಯ ಫಲಕಕ್ಕೆ ಇಟ್ಟ ಹೆಸರು ‘ಫಿಲಿಯೇರ್’. ಫ್ರೆಂಚ್ ಭಾಷೆಯಲ್ಲಿ ಅದು ಕಂಬಚ್ಚಿನ ಹೆಸರೇ.

ಆದರೆ ಒಬ್ಬರ ಫಲಕ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ತಂತಿಗೆ ಶಾಸನಬದ್ಧ ಅಳತೆ ಜಾರಿಗೆ ಬಂದದ್ದು 1884ರ ಮಾರ್ಚ್ 1ರಂದು. ಆ ಪಟ್ಟಿಯಲ್ಲಿ 10ನೆಯ ತಂತಿಯ ದಪ್ಪ ಸುಮಾರು 3.25 ಮಿಲಿಮೀಟರ್, 14ನೆಯದು ಸುಮಾರು 2. ನಮ್ಮಲ್ಲಿ ಇಂದಿಗೂ 10 ನಂಬರಿನ ಕಡ್ಡಿಯೆಂದರೆ ಆ ಮೂರೂಕಾಲು ಮಿಲಿಮೀಟರಿನದೇ.

ಅಮೆರಿಕದವರು ಇದನ್ನು ತಲೆಕೆಳಗು ಮಾಡಿದರು. ಅಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ದಪ್ಪ. ಅವರ 10 ಎಂದರೆ 6 ಮಿಲಿಮೀಟರ್, ನಮ್ಮದರ ಇಮ್ಮಡಿಗೆ ಸಮೀಪ. 7ನೆಯ ಸಂಖ್ಯೆಯಲ್ಲಿ ಮಾತ್ರ ಎರಡೂ ದೇಶಗಳು 4.5ಕ್ಕೆ ಬಂದು ಸಂಧಿಸುತ್ತವೆ. ಇದೊಂದು ವಿನೋದವೇ ಸರಿ. ವಿದೇಶದಲ್ಲಿರುವ ಬಂಧುಗಳು ಕಳುಹಿಸಿದ ಮಾದರಿಯನ್ನು ನಂಬರು ನೋಡಿ ಹೆಣೆದವರ ಗತಿಯನ್ನು ಊಹಿಸಿಕೊಳ್ಳಿ.

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಇದು ವಿನೋದವಾಗಿ ಉಳಿಯಲಿಲ್ಲ. ಮನೆಮನೆಯ ಸ್ತ್ರೀಯರು ಸೈನಿಕರಿಗೆ ಕಾಲುಚೀಲ ಹೆಣೆಯಬೇಕಾಗಿತ್ತು. ಕಂದಕದ ಕೆಸರಿನಲ್ಲಿ ದಿನಗಟ್ಟಲೆ ನಿಂತವನಿಗೆ ಒದ್ದೆ ಚೀಲವನ್ನು ತೆಗೆದು ಒಣಗಿದ್ದನ್ನು ತೊಡದಿದ್ದರೆ ಪಾದವೇ ಕೊಳೆಯುವ ಭಯ; ಸಡಿಲವಾಗಿ ಮಡಚಿಕೊಂಡ ಚೀಲದಿಂದ ಬೊಕ್ಕೆ. ಅಲ್ಲಿಯ ರೆಡ್‌ಕ್ರಾಸ್ ಸಂಸ್ಥೆಯು ಅಂಗಡಿಯ ಸಂಖ್ಯೆಗಳನ್ನು ಬದಿಗಿಟ್ಟು, ಕಡ್ಡಿಯ ದಪ್ಪವನ್ನೇ ಅಂಗುಲದ ಸಾವಿರದ ಭಾಗಗಳಲ್ಲಿ ಮುದ್ರಿಸಿತು: 1ನೆಯದು 135, 2ನೆಯದು 175, 3ನೆಯದು 200. ಕಾಲುಚೀಲಕ್ಕೆ 1, ತೋಳಿಲ್ಲದ ಸ್ವೆಟರಿಗೆ 3. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ವಿವೇಕದ ಕಾರ್ಯವೆಂದು ಕಾಣುವುದು ಇದೇ. ಬ್ರಿಟನ್ನು ಮಿಲಿಮೀಟರಿಗೆ ಬರಲು 1970ರ ದಶಕವಾಗಬೇಕಾಯಿತು.

ಇಷ್ಟಾದರೂ ಕಡ್ಡಿಯ ದಪ್ಪವೊಂದೇ ಸಾಲದು. ಕೈಯ ಬಿಗಿ ಒಬ್ಬೊಬ್ಬರಿಗೆ ಒಂದೊಂದು. ಮಾದರಿಯಲ್ಲಿ ‘ಗೇಜ್’ ಅಥವಾ ‘ಟೆನ್ಷನ್’ ಎಂದು ಕೊಡುವುದು ಇದಕ್ಕಾಗಿ: 10 ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಕುಣಿಕೆ, ಅಷ್ಟೇ ಎತ್ತರದಲ್ಲಿ ಎಷ್ಟು ಸಾಲು. 4 ಮಿಲಿಮೀಟರಿನ ಕಡ್ಡಿಗೆ ಹೇಳಿದ ಉಣ್ಣೆಯಲ್ಲಿ ಸಾಮಾನ್ಯವಾಗಿ 22 ಕುಣಿಕೆ. ಮುಂಭಾಗಕ್ಕೆ 110 ಕುಣಿಕೆ ಹಾಕಿದರೆ 50 ಸೆಂಟಿಮೀಟರ್ ಅಗಲ ಬರಬೇಕು. ಹೆಣೆಯುವಾಕೆಯ ಕೈ ಬಿಗಿಯಾಗಿ 24 ಬಂದಿತೆನ್ನಿ. ಅಗಲ 46ಕ್ಕೂ ತುಸು ಕಡಿಮೆ. ಮುಂದು ಹಿಂದು ಸೇರಿ 8 ಸೆಂಟಿಮೀಟರಿಗೂ ಮಿಕ್ಕಿ ನಷ್ಟ. ಗಂಡನಿಗೆಂದು ಹೆಣೆದದ್ದು ಮಗನ ಪಾಲು.

ಆದುದರಿಂದ ಮೊದಲು 15 ಸೆಂಟಿಮೀಟರಿನ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ಅಂಚನ್ನು ಬಿಟ್ಟು ನಡುವೆ ಎಣಿಸಬೇಕು. ಕುಣಿಕೆ ಹೆಚ್ಚಿದ್ದರೆ ದಪ್ಪ ಕಡ್ಡಿ, ಕಡಿಮೆಯಿದ್ದರೆ ಸಪೂರದ್ದು. ಅಜ್ಜಿಯ ಪೆಟ್ಟಿಗೆಯಲ್ಲಿ ನಂಬರು ಸವೆದುಹೋದ ಕಡ್ಡಿಗಳು ಸಿಕ್ಕಿದರೆ ಎಸೆಯಬೇಡಿರಿ. ರಂಧ್ರಗಳುಳ್ಳ ಅಳತೆಪಟ್ಟಿಯಲ್ಲಿ ತೂರಿಸಿ ನೋಡಿದರೆ ಅವುಗಳ ದಪ್ಪ ಈಗಲೂ ತಿಳಿಯುತ್ತದೆ.